ಸಹಾಯ ಬೇಕು: ಆಕ್ಸಿಜನ್ ಹಿಡಿದ ಹಿಮೋಗ್ಲೋಬಿನ್‌ನಲ್ಲಿ ಕಬ್ಬಿಣ +2 ಆ, +3 ಆ?

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಕೆಮಿಸ್ಟ್ರಿ ಓದುತ್ತಿದ್ದೇನೆ. ಬಯೋಇನಾರ್ಗಾನಿಕ್ ಪೇಪರ್‌ನಲ್ಲಿ ಹಿಮೋಗ್ಲೋಬಿನ್ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ.

ಆಕ್ಸಿಜನ್ ಇಲ್ಲದಾಗ ಹೀಮ್‌ನ (ಹಿಮೋಗ್ಲೋಬಿನ್‌ನಲ್ಲಿ ಕಬ್ಬಿಣ ಹಿಡಿದಿರುವ ಉಂಗುರದಂಥ ಭಾಗ) ಕಬ್ಬಿಣ +2, ಅಂದರೆ ಎರಡು ಎಲೆಕ್ಟ್ರಾನ್ ಕಳೆದುಕೊಂಡ ಸ್ಥಿತಿ; ಅದರಲ್ಲಿ ನಾಲ್ಕು ಒಂಟಿ (ಜೋಡಿಯಿಲ್ಲದ) ಎಲೆಕ್ಟ್ರಾನ್. ಇಲ್ಲಿವರೆಗೆ ತಲೆನೋವಿಲ್ಲ. ಆಕ್ಸಿಜನ್ ಬಂದು ಕೂತ ಮೇಲೆ ಒಂಟಿ ಎಲೆಕ್ಟ್ರಾನ್ ಒಂದೂ ಇರುವುದಿಲ್ಲ ಅಂತ 1936ರಲ್ಲೇ ರಸಾಯನ ವಿಜ್ಞಾನಿಗಳಾದ ಪಾಲಿಂಗ್ ಮತ್ತು ಕೊರಿಯೆಲ್ ಅಳೆದು ತೋರಿಸಿದರು. ಪಾಲಿಂಗ್ ಪ್ರಕಾರ ಕಬ್ಬಿಣ ಆಗಲೂ +2. ವೈಸ್ ಎಂಬ ಇನ್ನೊಬ್ಬ ವಿಜ್ಞಾನಿಯ ಪ್ರಕಾರ ಒಂದು ಎಲೆಕ್ಟ್ರಾನ್ ಆಕ್ಸಿಜನ್ ಕಡೆ ಹೋಗಿ, ಕಬ್ಬಿಣ +3, ಆಕ್ಸಿಜನ್ ಸೂಪರ್‌ಆಕ್ಸೈಡ್ (ಒಂದು ಎಲೆಕ್ಟ್ರಾನ್ ಹೆಚ್ಚಿರುವ ಆಕ್ಸಿಜನ್ ಅಣು). ಎರಡರ ಒಂಟಿ ಎಲೆಕ್ಟ್ರಾನ್‌ಗಳೂ ಜೋಡಿಯಾಗಿಬಿಡುತ್ತವೆ. ಇನ್‌ಫ್ರಾರೆಡ್ ನೋಡಿದರೆ ನನಗೆ ವೈಸ್ ಮಾತೇ ಸರಿ ಅನಿಸುತ್ತದೆ. ಬರೀ ಆಕ್ಸಿಜನ್ ಅಣುವಿನ ಕಂಪನ ಸೆಂಟಿಮೀಟರ್‌ಗೆ ಸುಮಾರು 1556 ಅಲೆ, ಇಲ್ಲಿ ಸುಮಾರು 1107. ಅದು ಸೂಪರ್‌ಆಕ್ಸೈಡ್ ಹತ್ತಿರದ ಸಂಖ್ಯೆ ಅಲ್ವಾ?

ಆದರೆ +3 ಅಂತ ಒಪ್ಪಿದರೆ ಮೆಟ್‌ಹಿಮೋಗ್ಲೋಬಿನ್ (ಕಬ್ಬಿಣ ಆಕ್ಸಿಡೈಸ್ ಆಗಿಹೋದ ಹಿಮೋಗ್ಲೋಬಿನ್) ಕಾಟ ಶುರು. ಅದರ ಕಬ್ಬಿಣವೂ +3, ಆದರೆ ಅದು ನೀರನ್ನು ಹಿಡಿದು ಕೂರುತ್ತದೆ, ಆಕ್ಸಿಜನ್ ಮುಟ್ಟುವುದೇ ಇಲ್ಲ. ನೋಟ್ಸ್‌ನಲ್ಲಿ "ಇದು ಆಕ್ಸಿಜನೇಷನ್, ಆಕ್ಸಿಡೇಷನ್ ಅಲ್ಲ" ಅಂತ ಒಂದೇ ಸಾಲು, ಅಂದರೆ ಆಕ್ಸಿಜನ್ ಬಂದು ಕೂರುತ್ತದೆ ಅಷ್ಟೇ, ಕಬ್ಬಿಣ ಎಲೆಕ್ಟ್ರಾನ್ ಕಳೆದುಕೊಳ್ಳುವುದಿಲ್ಲ ಅಂತ. ಸೀನಿಯರ್‌ಗಳನ್ನು ಕೇಳಿದರೆ "ಪರೀಕ್ಷೆಗೆ +2 ಅಂತ ಬರಿ, ಸುಮ್ನೆ ತಲೆ ಕೆಡಿಸ್ಕೋಬೇಡ" ಅಂದರು. ಬರೆಯಬಹುದು, ಆದರೆ ಅರ್ಥ ಆಗಿಲ್ಲವಲ್ಲ.

ಗೊತ್ತಿರುವವರು ಇಷ್ಟು ಹೇಳಿ: ವೈಸ್ ಮಾದರಿಯೇ ಸರಿಯಾದರೆ, ಆಕ್ಸಿಜನ್ ಬಿಟ್ಟು ಹೋಗುವಾಗ ಆ ಎಲೆಕ್ಟ್ರಾನ್ ಕಬ್ಬಿಣಕ್ಕೆ ವಾಪಸ್ ಬರುವುದು ಹೇಗೆ? ಸೂಪರ್‌ಆಕ್ಸೈಡ್ ಆಗಿಯೇ ಹೊರಟುಹೋಗದಂತೆ ತಡೆಯುವುದು ಡಿಸ್ಟಲ್ ಹಿಸ್ಟಿಡಿನ್‌ನ (ಆಕ್ಸಿಜನ್ ಕೂರುವ ಬದಿಯಲ್ಲಿರುವ ಅಮೈನೋ ಆಮ್ಲ) ಹೈಡ್ರೋಜನ್ ಬಂಧವೋ, ಸುತ್ತಲಿನ ಗ್ಲೋಬಿನ್ (ಪ್ರೋಟೀನ್ ಭಾಗ) ನೀರನ್ನು ದೂರ ಇಡುವುದೋ?