ಪ್ಲೇಟಿನಲ್ಲಿ ಹಸಿರು ಚುಕ್ಕಿ ಬಂದಿದೆ, ಹೊಂಡಕ್ಕೆ ಬ್ಲೀಚಿಂಗ್ ಹಾಕಲೇ?

ಪ್ರಶ್ನೆ (ಕುಮಟಾ ಕಡೆಯ ಸಿಗಡಿ ಕೃಷಿಕರು): ನಮಸ್ಕಾರ ಮೇಡಂ. ಒಂದು ಎಕರೆ ಹೊಂಡ, ವನ್ನಾಮಿ ಜಾತಿಯ ಸಿಗಡಿ, ಮರಿ ಬಿಟ್ಟು ಇವತ್ತಿಗೆ 48 ದಿನ. ಮೂರು ದಿನದಿಂದ ಚೆಕ್ ಟ್ರೇಯ (ಮೇವು ತಿಂದಿದೆಯೇ ಎಂದು ನೋಡುವ ತಟ್ಟೆಯ) ಹತ್ತಿರ ಬಿಳಿ ದಾರದಂಥ ಹಿಕ್ಕೆ ತೇಲುತ್ತಿದೆ. ಲ್ಯಾಬಿಗೆ ನೀರು ಕೊಟ್ಟೆ, ಪ್ಲೇಟಿನಲ್ಲಿ ಹಸಿರು ಕಾಲೊನಿ ಜಾಸ್ತಿ ಅಂದರು. ಪಕ್ಕದವರು ಬ್ಲೀಚಿಂಗ್ ಪುಡಿ ಹಾಕು ಅನ್ನುತ್ತಾರೆ, ಅಂಗಡಿಯವರು ಆಂಟಿಬಯೋಟಿಕ್ ಕೊಡುತ್ತೇನೆ ಅನ್ನುತ್ತಾರೆ. ವಾರಕ್ಕೊಮ್ಮೆ ಪ್ರೋಬಯೋಟಿಕ್ (ಉಪಕಾರಿ ಬ್ಯಾಕ್ಟೀರಿಯಾ) ಹಾಕುತ್ತಲೇ ಇದ್ದೇನೆ. ಏನು ಮಾಡಲಿ?

ಉತ್ತರ (ಜಲಚರ ಸೂಕ್ಷ್ಮಜೀವಿ ತಜ್ಞೆ): ಎರಡೂ ಬೇಡ, ದಯವಿಟ್ಟು ಸ್ವಲ್ಪ ತಾಳಿ.

ಮೊದಲು ಆ ಪ್ಲೇಟಿನ ವಿಷಯ. ಅದು ಟಿಸಿಬಿಎಸ್ ಅಗರ್, ವಿಬ್ರಿಯೋ ಗುಂಪಿನ ಬ್ಯಾಕ್ಟೀರಿಯಾ ಬೆಳೆಸಲು ಮಾಡಿದ್ದು. ಅದರಲ್ಲಿರುವ ಸಕ್ಕರೆಯನ್ನು ಹುಳಿಸುವ ವಿಬ್ರಿಯೋ ಹಳದಿಯಾಗುತ್ತದೆ, ಹುಳಿಸದ್ದು ಹಸಿರಾಗೇ ಉಳಿಯುತ್ತದೆ. ಬಣ್ಣ ಹೇಳುವುದು ಇಷ್ಟೇ. ಸಿಗಡಿ ಕೊಲ್ಲುವ ವಿಬ್ರಿಯೋ ಪ್ಯಾರಾಹೀಮೋಲಿಟಿಕಸ್ ಹಸಿರು, ನಿಜ. ಆದರೆ ಅದರಲ್ಲೂ ವಿಷ ತಯಾರಿಸುವ ಪ್ಲಾಸ್ಮಿಡ್ (ಡಿಎನ್ಎಯ ಪುಟ್ಟ ಉಂಗುರ) ಇರುವ ತಳಿ ಮಾತ್ರ ಎಳೆ ಸಿಗಡಿಗಳ ಸಾಮೂಹಿಕ ಸಾವಿಗೆ ಕಾರಣ. 2013ರಲ್ಲಿ ಅಮೆರಿಕದ ಡೊನಾಲ್ಡ್ ಲೈಟ್ನರ್ ತಂಡ ಈ ಬ್ಯಾಕ್ಟೀರಿಯಾವನ್ನು ಗುರುತಿಸುವವರೆಗೆ ಏಷ್ಯಾದ ಎಷ್ಟೋ ಹೊಂಡಗಳು ಕಾರಣವೇ ತಿಳಿಯದೆ ಖಾಲಿಯಾಗಿದ್ದವು.

ನಿಮ್ಮಲ್ಲಿ ಕಂಡಂಥ ಬಿಳಿ ಹಿಕ್ಕೆಯ ಜೊತೆ ಹೆಚ್ಚಾಗಿ ಇಎಚ್‌ಪಿ ಎಂಬ ರೋಗಾಣು ಇರುತ್ತದೆ. ಅದು ಬ್ಯಾಕ್ಟೀರಿಯಾ ಅಲ್ಲ, ಸಿಗಡಿಯ ಹೆಪಟೋಪ್ಯಾಂಕ್ರಿಯಾಸ್ (ಜೀರ್ಣ ಗ್ರಂಥಿ) ಜೀವಕೋಶದೊಳಗೆ ಬೆಳೆಯುವ ಪರಾವಲಂಬಿ. ಆಂಟಿಬಯೋಟಿಕ್ ಅದನ್ನು ಮುಟ್ಟುವುದೂ ಇಲ್ಲ. ನೀರಲ್ಲ, ಹತ್ತು ಸಿಗಡಿ ಒಯ್ದು ವಿಷದ ವಿಬ್ರಿಯೋ, ಈ ಪರಾವಲಂಬಿ ಎರಡಕ್ಕೂ ಪಿಸಿಆರ್ (ರೋಗಾಣುವಿನ ಡಿಎನ್ಎ ಹುಡುಕುವ ಪರೀಕ್ಷೆ) ಮಾಡಿಸಿ.

ಇನ್ನು ಬ್ಲೀಚಿಂಗ್. ಕಳೆಯೆಂದು ಗದ್ದೆಯನ್ನೆಲ್ಲ ಸವರಿ ಖಾಲಿ ಬಿಟ್ಟರೆ ಮೊದಲು ಏಳುವುದು ಯಾವುದು? ಕಳೆಯೇ. ಹೊಂಡದಲ್ಲೂ ಹಾಗೇ. ತಿನ್ನಲು ಸಿಕ್ಕರೆ ಈ ವಿಬ್ರಿಯೋ ಇಪ್ಪತ್ತು ನಿಮಿಷದೊಳಗೆ ಇಮ್ಮಡಿಯಾಗಬಲ್ಲದು. ಅಮೋನಿಯಾವನ್ನು ನೈಟ್ರೈಟ್, ನೈಟ್ರೇಟ್ ಮಾಡುವ ಉಪಕಾರಿ ಬ್ಯಾಕ್ಟೀರಿಯಾಗಳಿಗೆ ಅದಕ್ಕೆ ಹಲವು ಗಂಟೆ, ಎಷ್ಟೋ ಸಲ ಅರ್ಧ ದಿನಕ್ಕೂ ಹೆಚ್ಚು ಬೇಕು. ಬ್ಲೀಚಿಂಗ್ ಪುಡಿಯ ಕ್ಲೋರಿನ್ ಎಲ್ಲವನ್ನೂ ಕೊಲ್ಲುತ್ತದೆ, ಸತ್ತ ಪಾಚಿಯೇ ಊಟವಾಗುತ್ತದೆ, ಖಾಲಿ ಮನೆಗೆ ಮೊದಲು ನುಗ್ಗುವುದು ವಿಬ್ರಿಯೋ. ಬ್ಲೀಚಿಂಗ್ ಏನಿದ್ದರೂ ಮರಿ ಬಿಡುವ ಮೊದಲು. ಆಮೇಲೂ ನೀರು ಹದಕ್ಕೆ ಬರಲು ಒಂದೆರಡು ವಾರ ಕಾಯಬೇಕು.

ಆಂಟಿಬಯೋಟಿಕ್ ಬಗ್ಗೆ ನಮ್ಮ ಮಂಗಳೂರೇ ಪಾಠ ಹೇಳಿದೆ. ಮೀನುಗಾರಿಕೆ ಕಾಲೇಜಿನ ಇಂದ್ರಾಣಿ ಕರುಣಾಸಾಗರ್, ಇಡ್ಯ ಕರುಣಾಸಾಗರ್ ಮತ್ತು ಸಂಗಡಿಗರು 1994ರಲ್ಲೇ ಪ್ರಕಟಿಸಿದ್ದರು: ಆಂಟಿಬಯೋಟಿಕ್‌ಗೆ ಬಗ್ಗದ ವಿಬ್ರಿಯೋ ಹಾರ್ವೆಯೈನಿಂದ ಸಿಗಡಿ ಮರಿಗಳು ರಾಶಿರಾಶಿ ಸತ್ತಿದ್ದವು. ಅಂಗಡಿಯ ಪೊಟ್ಟಣದಲ್ಲಿ ನಿಷೇಧಿತ ಔಷಧ ಇದ್ದರಂತೂ ಇಡೀ ಸರಕು ರಫ್ತಿನಲ್ಲಿ ವಾಪಸಾಗುತ್ತದೆ.

ಇವತ್ತು ಮಾಡುವ ಕೆಲಸ: ಹೊಂಡದ ನಡುವೆ ಕಸ ಕೂಡುವಲ್ಲಿಂದ ಒಂದು ಹಿಡಿ ಮಣ್ಣು ತೆಗೆದು ಮೂಸಿ ನೋಡಿ. ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅಲ್ಲಿ ಆಮ್ಲಜನಕವಿಲ್ಲ, ಹೈಡ್ರೋಜನ್ ಸಲ್ಫೈಡ್ ಏಳುತ್ತಿದೆ. ಸೈಫನ್ (ಎಳೆದು ಹರಿಸುವ ಕೊಳವೆ) ಹಾಕಿ ಆ ಕೆಸರು ತೆಗೆಯಿರಿ, ಮೇವು ಅರ್ಧಕ್ಕೆ ಇಳಿಸಿ, ರಾತ್ರಿ ಏರೇಟರ್ (ನೀರಿಗೆ ಗಾಳಿ ಬೆರೆಸುವ ಯಂತ್ರ) ನಿಲ್ಲಿಸಬೇಡಿ. ಕೆಸರಿನ ಮೇಲೆ ಎಷ್ಟು ಪ್ರೋಬಯೋಟಿಕ್ ಸುರಿದರೂ ದುಡ್ಡು ನೀರಿಗೆ.

ಪ್ರಶ್ನೆ (ಅವರೇ): ಬೆಲ್ಲ ಹಾಕಿದರೆ ಅಮೋನಿಯಾ ಇಳಿಯುತ್ತದಂತೆ. ಎಷ್ಟು ಹಾಕಲಿ?

ಉತ್ತರ: ಇಳಿಯುತ್ತದೆ. ಸಕ್ಕರೆ ಸಿಕ್ಕಿದ ಬ್ಯಾಕ್ಟೀರಿಯಾ ಮೈ ಕಟ್ಟಿಕೊಳ್ಳಲು ನೀರಿನ ಅಮೋನಿಯಾ ಎಳೆದುಕೊಳ್ಳುತ್ತದೆ. 1 ಗ್ರಾಂ ಅಮೋನಿಯಾ ಸಾರಜನಕಕ್ಕೆ ಸುಮಾರು 20 ಗ್ರಾಂ ಸಕ್ಕರೆ ಎಂಬುದು ಲೆಕ್ಕ. ಎಕರೆ ಹೊಂಡದಲ್ಲಿ 1.2 ಮೀಟರ್ ನೀರಿದ್ದರೆ ಲೀಟರಿಗೆ 1 ಮಿಲಿಗ್ರಾಂ ಅಮೋನಿಯಾ ಸಾರಜನಕ ಇಳಿಸಲು 100 ಕಿಲೋ ಹತ್ತಿರ. ಒಂದೇ ಸಲ ಸುರಿದರೆ ಆಮ್ಲಜನಕ ಕುಸಿದು ಸಿಗಡಿ ಮೇಲೆ ಬಂದುಬಿಡುತ್ತದೆ. ಬಿಸಿಲೇರಿದ ಮೇಲೆ, ದಿನಕ್ಕೆ 20 ಕಿಲೋದಂತೆ ಕರಗಿಸಿ ಹಾಕಿ. ಬೆಲ್ಲ ಹಾಕಿದ ಮೇಲೆ ಪ್ಲೇಟಿನಲ್ಲಿ ಹಳದಿ ಹೆಚ್ಚಾದರೆ ಗೆದ್ದೆವು ಅಂದುಕೊಳ್ಳಬೇಡಿ, ಹಳದಿಯೂ ವಿಬ್ರಿಯೋವೇ.

ಪ್ರಶ್ನೆ (ಅಘನಾಶಿನಿ ದಡದಿಂದ): ಮೇಡಂ, ನಮ್ಮಮ್ಮ ಇಳಿತದಲ್ಲಿ ಬಳಚು (ಚಿಪ್ಪುಮೀನು) ಹೆಕ್ಕುತ್ತಾರೆ. ಇಂಥ ಹೊಂಡದ ನೀರು, ಕೆಸರು ಹೊಳೆಗೆ ಬಿಟ್ಟರೆ ಬಳಚು ತಿನ್ನಬಹುದೇ?

ಉತ್ತರ: ನಿಮ್ಮ ಪ್ರಶ್ನೆ ಮೇಲಿನವರೂ ಓದಲಿ. ಬಳಚು ಹಗಲಿರುಳು ನೀರು ಸೋಸಿ ತಿನ್ನುವ ಜೀವಿ, ಹೊಳೆಯಲ್ಲಿ ಇರುವುದೆಲ್ಲ ಅದರ ಹೊಟ್ಟೆಯಲ್ಲಿ ಕೂಡುತ್ತದೆ. ಸೈಫನ್ ಮಾಡಿದ ಕೆಸರನ್ನು ಬೇರೆ ಗುಂಡಿಯಲ್ಲಿ ನಿಲ್ಲಿಸಿ ತಿಳಿಯಾಗಿಸದೆ ತೂಬು ತೆರೆಯಲೇಬಾರದು.

ಸಿಗಡಿಯ ವೈರಸ್, ಇಎಚ್‌ಪಿ ಮನುಷ್ಯರಿಗೆ ಅಂಟುವುದಿಲ್ಲ. ಅಂಜಬೇಕಾದ್ದು ಶೌಚದ ನೀರಿನ ಇ. ಕೋಲಿ ಮತ್ತು ಕೆಲವು ವಿಬ್ರಿಯೋಗಳಿಗೆ. ಶುದ್ಧ ನೀರಲ್ಲಿ ಒಂದೆರಡು ದಿನ ಇಟ್ಟರೆ ಇ. ಕೋಲಿ ಬಹುಪಾಲು ಹೋಗುತ್ತದೆ, ವಿಬ್ರಿಯೋ ಅಷ್ಟು ಸುಲಭಕ್ಕೆ ಬಿಡದು. ಲಿವರ್ ಕಾಯಿಲೆ ಇರುವವರು ಹಸಿ ಚಿಪ್ಪುಮೀನು ಬಾಯಿಗೇ ಇಡಬಾರದು. ಅಮ್ಮನಿಗೆ ಹೇಳಿ: ಚಿಪ್ಪು ಬಾಯಿ ಬಿಟ್ಟಿತೆಂದು ಒಲೆಯಿಂದ ಇಳಿಸುವುದು ಬೇಡ, ಬಿಟ್ಟ ಮೇಲೂ ನಾಲ್ಕೈದು ನಿಮಿಷ ಕುದಿಸಲಿ. ಬಾಯಿ ಬಿಡದ್ದನ್ನು ಎಸೆದುಬಿಡಲಿ.