ಊಟವಿಲ್ಲದೆ ವಾರಗಟ್ಟಲೆ ತಾಳುವ ದೇಹ ಉಸಿರಿಲ್ಲದೆ ಕೆಲವು ನಿಮಿಷವೂ ತಾಳದಿರುವುದೇಕೆ?

ಪ್ರಶ್ನೆ:
ದೇಹಕ್ಕೆ ಶಕ್ತಿ ಬರುವುದು ಆಹಾರದಿಂದ ಎಂದು ಶಾಲೆಯಿಂದಲೂ ಓದಿಕೊಂಡು ಬಂದಿದ್ದೇವೆ. ನೀರು ಸಿಗುತ್ತಿದ್ದರೆ ಆರೋಗ್ಯವಂತರು ಊಟವಿಲ್ಲದೆ ಹಲವು ವಾರ ಬದುಕಿರಬಲ್ಲರು. ಆದರೆ ಉಸಿರು ನಿಂತರೆ, ಆಗಷ್ಟೇ ಹೊಟ್ಟೆ ತುಂಬ ಉಂಡವರಿಗೂ ಕೆಲವೇ ನಿಮಿಷಗಳಲ್ಲಿ ಮಿದುಳಿಗೆ ಹಾನಿಯಾಗತೊಡಗುತ್ತದೆ. ಮೈಯಲ್ಲಿ ಅಷ್ಟು ಕೊಬ್ಬು, ರಕ್ತದಲ್ಲಿ ಸಾಕಷ್ಟು ಸಕ್ಕರೆ ಇರುವಾಗ ಜೀವಕೋಶಗಳು ಅದನ್ನೇ ಬಳಸಿಕೊಂಡು ಏಕೆ ತಾಳಿಕೊಳ್ಳಲಾರವು? "ಆಹಾರವನ್ನು ಸುಡಲು ಆಮ್ಲಜನಕ ಬೇಕು" ಎಂಬ ಒಂದು ಸಾಲಿನ ಉತ್ತರ ಎಲ್ಲೆಡೆ ಸಿಗುತ್ತದೆ. ಆ ಸುಡುವಿಕೆ ಎಲ್ಲಿ, ಹೇಗೆ ನಡೆಯುತ್ತದೆ ಎಂಬುದನ್ನು ಬಲ್ಲವರು ವಿವರಿಸಿದರೆ ಉಪಕಾರವಾಗುತ್ತದೆ.

ಮೊದಲ ಉತ್ತರ:
ಕೊಬ್ಬು, ಸಕ್ಕರೆಗಳು ದೇಹದ ದಾಸ್ತಾನೇ ಹೊರತು ಜೀವಕೋಶ ನೇರವಾಗಿ ಬಳಸಬಲ್ಲ ಶಕ್ತಿಯಲ್ಲ. ಸ್ನಾಯು ಸಂಕುಚಿಸುವುದಕ್ಕೆ, ನರಕೋಶದ ಪೊರೆಯಾಚೆಗೆ ಸೋಡಿಯಂ ಅಯಾನುಗಳನ್ನು ಹೊರದಬ್ಬುವುದಕ್ಕೆ, ಹೊಸ ಪ್ರೋಟೀನನ್ನು ಕಟ್ಟುವುದಕ್ಕೆ ಬೇಕಾದದ್ದು ಎಟಿಪಿ, ಅಂದರೆ ಅಡಿನೊಸಿನ್ ಟ್ರೈಫಾಸ್ಫೇಟ್. 1929ರಲ್ಲಿ ಕಾರ್ಲ್ ಲೋಮನ್ ಸ್ನಾಯುವಿನಲ್ಲಿ ಕಂಡುಹಿಡಿದ ಈ ಅಣುವನ್ನು ದೇಹ ಕೂಡಿಡುವುದೇ ಇಲ್ಲ. ಯಾವುದೇ ಕ್ಷಣದಲ್ಲಿ ಮೈಯಲ್ಲಿರುವುದು ಸುಮಾರು 50ರಿಂದ 100 ಗ್ರಾಂ ಎಂಬ ಅಂದಾಜಿದೆ. ಅದೇ ಅಣುಗಳು ಒಡೆದು, ಮತ್ತೆ ಕೂಡಿ, ದಿನವಿಡೀ ತಿರುಗುತ್ತಿರುವುದರಿಂದ ಒಂದು ದಿನದಲ್ಲಿ ತಯಾರಾದ ಎಟಿಪಿಯ ಒಟ್ಟು ಲೆಕ್ಕ ಸರಿಸುಮಾರು ನಮ್ಮ ದೇಹದ ತೂಕವನ್ನೇ ಮುಟ್ಟುತ್ತದೆ. ತಯಾರಿಕೆ ನಿಂತರೆ ಕೈಯಲ್ಲಿರುವುದು ಕ್ಷಣಗಳಲ್ಲಿ ಮುಗಿಯುತ್ತದೆ.

ಆಮ್ಲಜನಕದ ಪಾತ್ರ ಈ ತಯಾರಿಕೆಯ ಕೊನೆಯ ಹಂತದಲ್ಲಿದೆ. ಜೀವಕೋಶದೊಳಗಿನ ಮೈಟೊಕಾಂಡ್ರಿಯಗಳಲ್ಲಿ, ಆಹಾರದ ಅಣುಗಳಿಂದ ಕಳಚಿಕೊಂಡ ಇಲೆಕ್ಟ್ರಾನ್‌ಗಳು ಒಳಪೊರೆಯ ಪ್ರೋಟೀನುಗಳ ಮೂಲಕ ಒಂದರಿಂದೊಂದಕ್ಕೆ ದಾಟುತ್ತ ಸಾಗುತ್ತವೆ. ಅವು ದಾಟುವಾಗ ಬಿಡುಗಡೆಯಾಗುವ ಶಕ್ತಿ ಪ್ರೋಟಾನ್‌ಗಳನ್ನು ಪೊರೆಯ ಹೊರಬದಿಗೆ ತಳ್ಳಿ ಅಲ್ಲಿ ಒಟ್ಟುಗೂಡಿಸುತ್ತದೆ. ಅಣೆಕಟ್ಟಿನ ನೀರು ಯಂತ್ರವನ್ನು ತಿರುಗಿಸುವಂತೆ, ಮರಳಿ ಒಳನುಗ್ಗುವ ಪ್ರೋಟಾನ್‌ಗಳು ಎಟಿಪಿ ಸಿಂಥೇಸ್ ಎಂಬ ಕಿಣ್ವದ ಒಂದು ಭಾಗವನ್ನು ನಿಜವಾಗಿಯೂ ತಿರುಗಿಸುತ್ತವೆ. 1961ರಲ್ಲಿ ಪೀಟರ್ ಮಿಚೆಲ್ ಈ ಪ್ರೋಟಾನ್ ವಿಚಾರವನ್ನು ಮುಂದಿಟ್ಟಾಗ ಒಪ್ಪಿದವರು ಕಡಿಮೆ. 1978ರಲ್ಲಿ ಅವರಿಗೆ ನೊಬೆಲ್ ಬಂದಿತು. ಜೀವವಿಜ್ಞಾನದಲ್ಲಿ ಇದಕ್ಕಿಂತ ಸುಂದರವಾದ ಕಲ್ಪನೆ ನನಗಂತೂ ಕಂಡಿಲ್ಲ. ಸಾಲಿನ ತುದಿಯಲ್ಲಿ ಇಲೆಕ್ಟ್ರಾನ್‌ಗಳನ್ನು ಸ್ವೀಕರಿಸಿ ನೀರಾಗುವುದೇ ಆಮ್ಲಜನಕದ ಕೆಲಸ. ಅದಿಲ್ಲದಿದ್ದರೆ ಮುಂದಿನ ಇಲೆಕ್ಟ್ರಾನ್‌ಗೆ ಜಾಗವಿರುವುದಿಲ್ಲ, ಹಿಂದಿನದು ಕದಲುವುದಿಲ್ಲ, ಇಡೀ ಸಾಲು ನಿಲ್ಲುತ್ತದೆ. ಎಷ್ಟು ಸಕ್ಕರೆಯಿದ್ದರೂ ಆಗ ಹೆಚ್ಚಿನ ಪ್ರಯೋಜನವಿಲ್ಲ.

ಎರಡನೆಯ ಉತ್ತರ:
ಮೇಲಿನ ಉತ್ತರಕ್ಕೆ ಒಂದು ಸೇರ್ಪಡೆ. ಆಮ್ಲಜನಕವಿಲ್ಲದೆಯೂ ಗ್ಲೂಕೋಸನ್ನು ಅರ್ಧ ದಾರಿಯವರೆಗೆ ಒಡೆಯಬಹುದು. ಆದರೆ ಒಂದು ಗ್ಲೂಕೋಸಿಗೆ ಸಿಗುವುದು ಎರಡೇ ಎಟಿಪಿ, ಪೂರ್ತಿ ಒಡೆದರೆ ಸುಮಾರು 30. ಮೈಟೊಕಾಂಡ್ರಿಯವೇ ಇಲ್ಲದ ಕೆಂಪು ರಕ್ತಕಣಗಳು ಈ ಎರಡರಲ್ಲಿಯೇ ಬದುಕುತ್ತವೆ, ವೇಗವಾಗಿ ಓಡುವಾಗ ಸ್ನಾಯುಗಳೂ ಸ್ವಲ್ಪ ಹೊತ್ತು ಇದನ್ನು ನೆಚ್ಚಿಕೊಳ್ಳುತ್ತವೆ. ಮಿದುಳಿಗೆ ಇದು ಸಾಲದು. ದೇಹದ ತೂಕದಲ್ಲಿ ಶೇ. 2ರಷ್ಟಿರುವ ಅದು, ವಿಶ್ರಾಂತಿಯಲ್ಲಿರುವಾಗ ದೇಹ ಬಳಸುವ ಶಕ್ತಿಯಲ್ಲಿ ಸುಮಾರು ಶೇ. 20ರಷ್ಟನ್ನು ತೆಗೆದುಕೊಳ್ಳುತ್ತದೆ. ಅಯಾನುಗಳನ್ನು ಹೊರಹಾಕುವ ಕೆಲಸ ನಿಂತೊಡನೆ ನರಕೋಶಗಳು ಊದಿಕೊಳ್ಳತೊಡಗುತ್ತವೆ. ಸಯನೈಡ್ ವಿಷವೂ ಇದನ್ನೇ ತೋರಿಸುತ್ತದೆ: ರಕ್ತದ ತುಂಬ ಆಮ್ಲಜನಕವಿದ್ದರೂ, ಇಲೆಕ್ಟ್ರಾನನ್ನು ಅದಕ್ಕೆ ತಲುಪಿಸುವ ಕಿಣ್ವವನ್ನು ವಿಷ ಕಟ್ಟಿಹಾಕುವುದರಿಂದ ಜೀವಕೋಶಗಳು ಸಾಯುತ್ತವೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು, ಆಮ್ಲಜನಕದ ಭಾಗ ಸ್ಪಷ್ಟವಾಯಿತು. ಮಿದುಳು ಮುಖ್ಯವಾಗಿ ಗ್ಲೂಕೋಸನ್ನೇ ಬಳಸುತ್ತದೆ ಎಂದು ಓದಿದ್ದೇನೆ. ಹಾಗಿದ್ದರೆ ವಾರಗಟ್ಟಲೆ ಉಪವಾಸವಿದ್ದಾಗ ಅದಕ್ಕೆ ಗ್ಲೂಕೋಸ್ ಎಲ್ಲಿಂದ ಬರುತ್ತದೆ?

ಮೂರನೆಯ ಉತ್ತರ:
ಯಕೃತ್ತಿನಲ್ಲಿ ಸುಮಾರು 100 ಗ್ರಾಂ ಗ್ಲೈಕೊಜೆನ್, ಅಂದರೆ ಗ್ಲೂಕೋಸನ್ನು ಕೂಡಿಟ್ಟ ರೂಪ, ಇರುತ್ತದೆ. ಅದು ಹೆಚ್ಚುಕಡಿಮೆ ಒಂದು ದಿನಕ್ಕೆ ಬರಿದಾಗುತ್ತದೆ. ಸ್ನಾಯುಗಳಲ್ಲಿ ಇನ್ನೂ ಹೆಚ್ಚಿದೆ, ಆದರೆ ಅವು ಅದನ್ನು ಗ್ಲೂಕೋಸಾಗಿ ರಕ್ತಕ್ಕೆ ಬಿಟ್ಟುಕೊಡಲಾರವು. ಆ ಮೇಲೆ ಯಕೃತ್ತು ಸ್ನಾಯುಗಳ ಪ್ರೋಟೀನಿನಿಂದ ಬರುವ ಅಮೈನೋ ಆಮ್ಲಗಳನ್ನು ಗ್ಲೂಕೋಸಾಗಿ ಬದಲಿಸುತ್ತದೆ. ಇದೇ ಮುಂದುವರಿದಿದ್ದರೆ ಸ್ನಾಯುಗಳು ಬೇಗನೆ ಕರಗಿ ಹೋಗುತ್ತಿದ್ದವು. ಕೊಬ್ಬಿನ ಆಮ್ಲಗಳನ್ನು ಮಿದುಳು ನೇರವಾಗಿ ಅಷ್ಟಾಗಿ ಬಳಸದಿದ್ದರೂ, ಯಕೃತ್ತು ಅವುಗಳಿಂದ ತಯಾರಿಸುವ ಕಿಟೋನ್‌ಗಳನ್ನು ಬಳಸಬಲ್ಲದು. ದೀರ್ಘ ಉಪವಾಸದಲ್ಲಿ ಮಿದುಳಿನ ಅಗತ್ಯದ ಅರ್ಧಕ್ಕಿಂತ ಹೆಚ್ಚಿನ ಪಾಲು ಹೀಗೆಯೇ ಪೂರೈಕೆಯಾಗುತ್ತದೆ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕಿಲೋಕ್ಯಾಲರಿ ಇರುವುದರಿಂದ 10 ಕಿಲೋ ಕೊಬ್ಬೆಂದರೆ 90,000 ಕಿಲೋಕ್ಯಾಲರಿ. ವಾರಗಳ ಲೆಕ್ಕ ಬಂದದ್ದು ಇಲ್ಲಿಂದ.

ಇದನ್ನು ಓದಿ ಯಾರೂ ದೀರ್ಘ ಉಪವಾಸಕ್ಕೆ ಕೈಹಾಕಬಾರದು ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಅಪಾಯ ಉಪವಾಸದಲ್ಲಿ ಮಾತ್ರವಲ್ಲ, ಅದನ್ನು ಮುರಿಯುವಾಗಲೂ ಇದೆ. ಬಹಳ ದಿನ ಹಸಿದವರು ಒಮ್ಮೆಲೇ ಹೆಚ್ಚು ಉಂಡರೆ ಇನ್ಸುಲಿನ್ ಏರಿ, ರಕ್ತದಲ್ಲಿರುವ ಫಾಸ್ಫೇಟ್ ಜೀವಕೋಶಗಳೊಳಗೆ ಸೆಳೆಯಲ್ಪಟ್ಟು, ರಕ್ತದಲ್ಲಿ ಅದರ ಮಟ್ಟ ಅಪಾಯಕಾರಿಯಾಗಿ ಕುಸಿಯಬಹುದು. ಫಾಸ್ಫೇಟ್ ಸಾಲದಿದ್ದರೆ ಎಟಿಪಿ ತಯಾರಾಗದು. ಹೃದಯ ಮತ್ತು ಉಸಿರಾಟದ ಸ್ನಾಯುಗಳು ಸೋಲಬಹುದು. ಆದ್ದರಿಂದಲೇ ಅಂಥವರಿಗೆ ವೈದ್ಯರು ರಕ್ತಪರೀಕ್ಷೆ ಮಾಡಿಸುತ್ತ, ಸ್ವಲ್ಪಸ್ವಲ್ಪವಾಗಿ ಆಹಾರ ಹೆಚ್ಚಿಸುತ್ತಾರೆ.