ಸೆಕೆಂಡ್ ಹ್ಯಾಂಡ್ ಟೊಯೋಟಾ ಕ್ಯಾಮ್ರಿ: ಪೆಟ್ರೋಲ್ ಕೊಳ್ಳಬೇಕೇ, ಹೈಬ್ರಿಡ್ ಕೊಳ್ಳಬೇಕೇ?

ಮೈಸೂರಿನಿಂದ ಬಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಎಪ್ಪತ್ತು ದಾಟಿದ ತಂದೆ ತಾಯಿಯನ್ನು ಆಗಾಗ ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಬೇಕಾಗಿರುವುದರಿಂದ, ಹಿಂದಿನ ಸೀಟು ಆರಾಮವಾಗಿರುವ, ಸದ್ದು ಕಡಿಮೆ ಇರುವ ದೊಡ್ಡ ಸೆಡಾನ್ ಒಂದನ್ನು ಕೊಳ್ಳಬೇಕೆಂದಿದ್ದೇನೆ. ಹೊಸದು ನನ್ನ ಶಕ್ತಿಗೆ ಮೀರಿದ್ದು. 2014ರ ಪೆಟ್ರೋಲ್ ಕ್ಯಾಮ್ರಿ, ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿ, ವಿದ್ಯುತ್ ಮೋಟಾರ್ ಕೂಡ ಇರುವ 2016ರ ಹೈಬ್ರಿಡ್ ಕ್ಯಾಮ್ರಿ (ಇದು ದೆಹಲಿ ನೋಂದಣಿಯದು), 2019ರ ಹೈಬ್ರಿಡ್ ಕ್ಯಾಮ್ರಿ, ಸ್ವಲ್ಪ ಕೈ ಚಾಚಿದರೆ 2018ರ ಲೆಕ್ಸಸ್ ಇಎಸ್ 300ಎಚ್ (ಟೊಯೋಟಾದವರದೇ ಐಷಾರಾಮಿ ಬ್ರ್ಯಾಂಡಿನ ಹೈಬ್ರಿಡ್), ಇಷ್ಟನ್ನು ನೋಡಿದ್ದೇನೆ. ಹೈಬ್ರಿಡ್ ಬ್ಯಾಟರಿ ಹೋದರೆ ಕಾರಿನ ಅರ್ಧ ಬೆಲೆ ತೆರಬೇಕಾಗುತ್ತದೆ ಎಂದು ಎಲ್ಲರೂ ಹೆದರಿಸುತ್ತಿದ್ದಾರೆ. ತಿಂಗಳಿಗೆ ಸುಮಾರು ಸಾವಿರ ಕಿಲೋಮೀಟರ್ ಓಡಾಟ, ಅದರಲ್ಲಿ ಬಹುಪಾಲು ಹೆದ್ದಾರಿ. ಇಂಥ ಕಾರನ್ನು ಇಟ್ಟುಕೊಂಡವರು ದಯವಿಟ್ಟು ತಮ್ಮ ಅನುಭವವನ್ನು ತಿಳಿಸಿ.

ಬೆಂಗಳೂರಿನಿಂದ, 2016ರ ಹೈಬ್ರಿಡ್ ಇಟ್ಟುಕೊಂಡವರು

ನಾನು ಎರಡನೆಯ ಮಾಲೀಕನಾಗಿ ಕೊಂಡ ಹೈಬ್ರಿಡ್ ಕ್ಯಾಮ್ರಿಯನ್ನು ಕೆಲವು ವರ್ಷಗಳಿಂದ ಓಡಿಸುತ್ತಿದ್ದೇನೆ. ಮೊದಲು ಈ ಸಾಲಿನ ಹಿನ್ನೆಲೆಯನ್ನು ಹೇಳುತ್ತೇನೆ, ಏಕೆಂದರೆ ಯಾವ ವರ್ಷದ ಕಾರು ಎಂಬುದರ ಮೇಲೆ ಬಹಳಷ್ಟು ನಿಂತಿದೆ. ನೀವು ನೋಡಿರುವ ಹಳೆಯ ಪೀಳಿಗೆ 2012ರಲ್ಲಿ 2.5 ಲೀಟರ್ ಪೆಟ್ರೋಲ್ ಎಂಜಿನ್‌ನೊಂದಿಗೆ ಬಂದಿತು. ಮರುವರ್ಷ, ಅಂದರೆ 2013ರಲ್ಲಿ, ನಮ್ಮ ಬಿಡದಿಯ ಕಾರ್ಖಾನೆಯಲ್ಲೇ ಅದರ ಹೈಬ್ರಿಡ್ ರೂಪವನ್ನೂ ಜೋಡಿಸಲು ಆರಂಭಿಸಿದರು. 2015ರಲ್ಲಿ ಕಾರಿನ ಮುಂಭಾಗದ ರೂಪ ಬದಲಾಯಿತು. ಅದೇ ವರ್ಷ ಏಪ್ರಿಲ್‌ನಿಂದ ವಿದ್ಯುತ್ ಮತ್ತು ಹೈಬ್ರಿಡ್ ವಾಹನಗಳಿಗೆ ಕೇಂದ್ರ ಸರ್ಕಾರ ತಂದ ಫೇಮ್ ಯೋಜನೆಯ ಸಹಾಯಧನವೂ ಸಿಕ್ಕಿದ್ದರಿಂದ ಹೈಬ್ರಿಡ್ ಚೆನ್ನಾಗಿ ಮಾರಾಟವಾಯಿತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಸೆಸ್ ಸೇರಿ ಹೈಬ್ರಿಡ್ ಕಾರುಗಳ ಮೇಲಿನ ತೆರಿಗೆ ಶೇ 43ಕ್ಕೆ ಏರಿ, ಬೆಲೆ ಹಲವು ಲಕ್ಷ ಹೆಚ್ಚಾಗಿ, ಕೊಳ್ಳುವವರು ಹಿಂದೆ ಸರಿದರು. ಆದ್ದರಿಂದ ಹಳೆಯ ಪೀಳಿಗೆಯ ಹೈಬ್ರಿಡ್ ಹುಡುಕುವವರಿಗೆ 2015ರಿಂದ 2017ರ ನಡುವಿನವೇ ಹೆಚ್ಚಾಗಿ ಎದುರಾಗುತ್ತವೆ. 2019ರ ಜನವರಿಯಲ್ಲಿ ಬಂದ ಹೊಸ ಪೀಳಿಗೆಯಲ್ಲಿ ಭಾರತಕ್ಕೆ ಪೆಟ್ರೋಲ್ ಮಾದರಿಯೇ ಬರಲಿಲ್ಲ.

ಈಗ ಇಂಧನದ ಲೆಕ್ಕ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ನನ್ನ ಕಾರು ಲೀಟರಿಗೆ 15 ಕಿಲೋಮೀಟರ್ ಆಸುಪಾಸು ಕೊಡುತ್ತದೆ, ನನ್ನ ಭಾವನವರ ಪೆಟ್ರೋಲ್ ಕ್ಯಾಮ್ರಿ ಅದೇ ರಸ್ತೆಗಳಲ್ಲಿ 9 ಕೊಡುತ್ತದೆ. ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೂ ಸಾವಿರ ಕಿಲೋಮೀಟರಿಗೆ ಸುಮಾರು 4,400 ರೂಪಾಯಿ ಉಳಿತಾಯ. ಆದರೆ ಮೈಸೂರು ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋದಾಗ ನನ್ನದು 17, ಅವರದು 13. ಅಲ್ಲಿ ಉಳಿತಾಯ 1,800 ರೂಪಾಯಿಗೆ ಇಳಿಯುತ್ತದೆ. ಕಾರಣ ಸರಳವಾಗಿದೆ. ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯನ್ನು ಹಿಡಿದಿಟ್ಟು ಮತ್ತೆ ಬಳಸುವುದೇ ಹೈಬ್ರಿಡ್‌ನ ಮುಖ್ಯ ಲಾಭ, ಬ್ರೇಕೇ ಹಾಕದ ಹೆದ್ದಾರಿಯಲ್ಲಿ ಹಿಡಿಯಲು ಹೆಚ್ಚೇನೂ ಇರುವುದಿಲ್ಲ. ನಿಮ್ಮ ಓಡಾಟ ಬಹುಪಾಲು ಹೆದ್ದಾರಿಯದು ಎಂದಿದ್ದೀರಿ. ಹಾಗಾಗಿ ಕೇವಲ ಪೆಟ್ರೋಲ್ ಉಳಿಸುವುದಕ್ಕಾಗಿ ಹೈಬ್ರಿಡ್ ಕೊಳ್ಳಬೇಡಿ ಎಂದು ನಾನು ನೇರವಾಗಿಯೇ ಹೇಳುತ್ತೇನೆ.

ಆದರೂ ನಾನು ಹೈಬ್ರಿಡ್ ಪರವಾಗಿಯೇ ಇರುವುದಕ್ಕೆ ಬೇರೆ ಕಾರಣವಿದೆ. ಕೆಂಗೇರಿ ದಾಟಿ ನಗರದೊಳಗೆ ಬಂದು ಆಸ್ಪತ್ರೆ ತಲುಪುವ ಹೊತ್ತಿಗೆ ಹಿರಿಯರು ದಣಿದಿರುತ್ತಾರೆ. ಆ ತೆವಳುವ ಟ್ರಾಫಿಕ್‌ನಲ್ಲಿ ಎಂಜಿನ್ ನಿಂತೇ ಇದ್ದು, ಎಸಿ ಮಾತ್ರ ವಿದ್ಯುತ್ತಿನಿಂದ ಓಡುತ್ತಾ, ಕಾರು ನಡುಕವಿಲ್ಲದೆ ಮುಂದೆ ಸಾಗುವುದು ಅವರಿಗೆ ನಿಜಕ್ಕೂ ದೊಡ್ಡ ಉಪಕಾರ. ಜೊತೆಗೆ ಹೈಬ್ರಿಡ್‌ನಲ್ಲಿ ಹಿಂದಿನ ಸೀಟನ್ನು ಬಟನ್ ಒತ್ತಿ ಒರಗಿಸಬಹುದು, ಎಸಿಯನ್ನು ನಡುವಿನ ತೋಳೊರಗಿನಿಂದಲೇ ನಿಯಂತ್ರಿಸಬಹುದು. ಆಪರೇಷನ್ ಆದ ಮೇಲೆ ನನ್ನ ಅತ್ತೆಯವರನ್ನು ಕರೆತಂದಾಗ ಈ ಸೌಕರ್ಯದ ಬೆಲೆ ನನಗೆ ಅರ್ಥವಾಯಿತು.

ಹುಬ್ಬಳ್ಳಿಯಿಂದ, ಗ್ಯಾರೇಜ್ ನಡೆಸುವವರು

ಬ್ಯಾಟರಿಯ ಬಗ್ಗೆ ಇರುವ ಭಯಕ್ಕೆ ಆಧಾರವಿದೆ, ಆದರೆ ಅದು ತಪ್ಪು ಜಾಗದಲ್ಲಿ ಕೂತಿದೆ. ಕೊಳ್ಳುವವರು ಕಾರಿನ ವಯಸ್ಸನ್ನೂ ಮೀಟರಿನ ಅಂಕಿಯನ್ನೂ ಕೇಳುತ್ತಾರೆಯೇ ಹೊರತು, ಆ ಬ್ಯಾಟರಿ ಎಂಥ ಕೈಯಲ್ಲಿ ಬೆಳೆಯಿತು ಎಂದು ಕೇಳುವುದಿಲ್ಲ. ಮುಖ್ಯವಾದದ್ದು ಅದು.

2019ಕ್ಕೆ ಮೊದಲಿನ ಪೀಳಿಗೆಯಲ್ಲೂ 2019ರಲ್ಲಿ ಬಂದ ಪೀಳಿಗೆಯಲ್ಲೂ ಇರುವುದು ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ. ಹಳೆಯ ಪೀಳಿಗೆಯದರಲ್ಲಿ 7.2 ವೋಲ್ಟ್‌ನ 34 ಮಾಡ್ಯೂಲ್‌ಗಳನ್ನು ಸಾಲಾಗಿ ಜೋಡಿಸಿ 244.8 ವೋಲ್ಟ್ ಮಾಡಿರುತ್ತಾರೆ. ಇದನ್ನು ತಂಪಾಗಿಡುವುದು ಕಾರಿನೊಳಗಿನ ಗಾಳಿ. ಹಿಂದಿನ ಸೀಟಿನ ಬಳಿ ಇರುವ ಜಾಲರಿಯ ಮೂಲಕ ಚಿಕ್ಕ ಫ್ಯಾನ್ ಒಂದು ಆ ಗಾಳಿಯನ್ನು ಎಳೆದುಕೊಳ್ಳುತ್ತದೆ. ಆ ಜಾಲರಿಗೆ ಚೀಲವೋ ಕಂಬಳಿಯೋ ಅಡ್ಡವಾದರೆ, ಅಥವಾ ಫ್ಯಾನಿನ ರೆಕ್ಕೆಗಳ ಮೇಲೆ ವರ್ಷಗಟ್ಟಲೆ ಧೂಳು, ಸಾಕುನಾಯಿಯ ಕೂದಲು ಕಟ್ಟಿಕೊಂಡರೆ, ಬ್ಯಾಟರಿ ಪ್ರತಿದಿನ ಬಿಸಿಯಲ್ಲಿ ಬೇಯುತ್ತದೆ. ನನ್ನ ಬಳಿ ಬಂದ ಸೋತ ಬ್ಯಾಟರಿಗಳಲ್ಲಿ ಈ ಫ್ಯಾನನ್ನು ಒಮ್ಮೆಯೂ ಬಿಚ್ಚಿ ತೊಳೆಯದೆ ಬಿಟ್ಟವೇ ಹೆಚ್ಚು. ಎರಡನೆಯ ಶತ್ರು ತಿಂಗಳುಗಟ್ಟಲೆ ನಿಲ್ಲಿಸಿಡುವುದು. ಈ ಜಾತಿಯ ಬ್ಯಾಟರಿ ಸುಮ್ಮನೆ ನಿಂತಾಗಲೂ ಚಾರ್ಜ್ ಕಳೆದುಕೊಳ್ಳುತ್ತದೆ, ಮತ್ತು ಹೊರಗಿನಿಂದ ಚಾರ್ಜ್ ಮಾಡಲು ಈ ಕಾರುಗಳಲ್ಲಿ ಪ್ಲಗ್ ಇಲ್ಲ. 2020ರ ಲಾಕ್‌ಡೌನ್ ಕಾಲದಲ್ಲಿ ಕಾರು ಎಲ್ಲಿತ್ತು, ಯಾರಾದರೂ ಓಡಿಸುತ್ತಿದ್ದರೇ ಎಂದು ಮಾಲೀಕರನ್ನು ಕೇಳಿ. ಕಡಿಮೆ ಓಡಿದೆ ಎಂದು ಹೊಗಳಿ ತೋರಿಸುವ ಕಾರಿಗಿಂತ ದಿನವೂ ಓಡಿದ ಕಾರೇ ಇಲ್ಲಿ ಮೇಲು.

ಪರೀಕ್ಷೆ ಮಾಡುವ ವಿಧಾನವನ್ನೂ ಹೇಳುತ್ತೇನೆ. ಹೈಬ್ರಿಡ್ ವ್ಯವಸ್ಥೆಯನ್ನು ಓದಬಲ್ಲ ಸ್ಕ್ಯಾನರ್ ಜೋಡಿಸಿದರೆ ಎರಡೆರಡು ಮಾಡ್ಯೂಲ್ ಸೇರಿದ 17 ಬ್ಲಾಕ್‌ಗಳ ವೋಲ್ಟೇಜ್ ಬೇರೆ ಬೇರೆಯಾಗಿ ಕಾಣುತ್ತದೆ. ಕಾರು ನಿಂತಿದ್ದಾಗ ನೋಡಿದರೆ ಉಪಯೋಗವಿಲ್ಲ, ಆಗ ಎಲ್ಲವೂ ಸಮವಾಗಿಯೇ ಇರುತ್ತವೆ. ಅರ್ಧ ಗಂಟೆ ಓಡಿಸಿ, ಏರು ರಸ್ತೆಯಲ್ಲಿ ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಒಂದೆರಡು ಬ್ಲಾಕ್ ಮಾತ್ರ ಉಳಿದವುಗಳಿಗಿಂತ 1 ವೋಲ್ಟ್ ಅಥವಾ ಅದಕ್ಕೂ ಹೆಚ್ಚು ಕುಸಿದರೆ ಆ ಕಾರನ್ನು ಬಿಟ್ಟುಬಿಡಿ. ಹೈಬ್ರಿಡ್ ಬ್ಯಾಟರಿ ಸೋತಿದೆ ಎಂದು ಕಾರೇ ದಾಖಲಿಸುವ ಪಿ0ಎ80 ಎಂಬ ಕೋಡ್ ಬಂದಿದ್ದನ್ನು ಅಳಿಸಿ ಮಾರುವವರಿದ್ದಾರೆ. ಕೋಡ್ ಇತ್ತೀಚೆಗೆ ಅಳಿಸಿದ್ದರೆ ಸ್ಕ್ಯಾನರ್‌ನಲ್ಲಿ ಸ್ವಯಂಪರೀಕ್ಷೆಗಳು ಇನ್ನೂ ಮುಗಿದಿಲ್ಲವೆಂದು ತೋರಿಸುತ್ತದೆ, ಅದನ್ನು ಗಮನಿಸಿ. ಸೋತ ಒಂದೆರಡು ಮಾಡ್ಯೂಲ್ ತೆಗೆದು ಹಳೆಯದೇ ಬೇರೆ ಮಾಡ್ಯೂಲ್ ಹಾಕಿದ ಬ್ಯಾಟರಿಗಳನ್ನು ನಾನು ನಂಬುವುದಿಲ್ಲ, ಏಕೆಂದರೆ ಉಳಿದವೂ ಅದೇ ಬಿಸಿಯಲ್ಲಿ ಬೆಂದವು, ಸರದಿ ಕಾಯುತ್ತಿರುತ್ತವೆ.

ಬ್ಯಾಟರಿಯನ್ನು ನೋಡುವ ಭರದಲ್ಲಿ ಬ್ರೇಕನ್ನು ಮರೆಯಬೇಡಿ. ಈ ಕಾರುಗಳಲ್ಲಿ ಬ್ರೇಕಿನ ಒತ್ತಡವನ್ನು ವಿದ್ಯುತ್ ಪಂಪ್ ತುಂಬಿಡುತ್ತದೆ. ಬಾಗಿಲು ತೆರೆದಾಗ ಕೆಲವು ಸೆಕೆಂಡು ಅದರ ಸದ್ದು ಬರುವುದು ಸಹಜ, ಬ್ರೇಕ್ ಮುಟ್ಟದೆ ಕುಳಿತಿದ್ದರೂ ಅದು ಪದೇ ಪದೇ ಓಡುತ್ತಿದ್ದರೆ ಆ ಒತ್ತಡವನ್ನು ನಿಯಂತ್ರಿಸುವ ಆಕ್ಚುಯೇಟರ್ ಸವೆದಿದೆ ಎಂದರ್ಥ, ಮತ್ತು ಅದು ದುಬಾರಿ ಭಾಗ. ಬ್ಯಾಟರಿಯ ವಿದ್ಯುತ್ತನ್ನು ಮೋಟಾರಿಗೆ ಹೊಂದಿಸಿ ಕೊಡುವ ಇನ್ವರ್ಟರ್‌ಗೆ ಎಂಜಿನ್‌ನಿಂದ ಬೇರೆಯೇ ಆದ ಕೂಲೆಂಟ್ ಇದೆ, ಅದನ್ನು ಬದಲಿಸಿದ ದಾಖಲೆ ಕೇಳಿ. ಇದಕ್ಕೆ ಪ್ರತಿಯಾಗಿ ಸ್ಟಾರ್ಟರ್ ಮೋಟಾರ್ ಇಲ್ಲ, ಆಲ್ಟರ್ನೇಟರ್ ಇಲ್ಲ, ಗೇರ್ ಬದಲಾಯಿಸುವ ಕ್ಲಚ್ ಪೊಟ್ಟಣಗಳಿಲ್ಲ, ಬ್ರೇಕ್ ಪ್ಯಾಡ್ ಮಾಮೂಲಿ ಕಾರಿನದಕ್ಕಿಂತ ಬಹಳ ಕಾಲ ಬರುತ್ತದೆ. ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ಮಾತ್ರ ತರಬೇತಿ ಇಲ್ಲದ ಯಾರಿಂದಲೂ ಮುಟ್ಟಿಸಬೇಡಿ, ಅದರಲ್ಲಿರುವುದು ಪ್ರಾಣ ತೆಗೆಯುವ ವೋಲ್ಟೇಜ್.

ಮಂಗಳೂರಿನಿಂದ, ಪೆಟ್ರೋಲ್ ಕ್ಯಾಮ್ರಿಯವರು

ಹುಬ್ಬಳ್ಳಿಯವರು ಹೇಳಿದ್ದೆಲ್ಲವೂ ಸರಿ, ಆದರೆ ಅಷ್ಟು ಪರೀಕ್ಷೆ ಮಾಡಿಸುವ ಜನ ಎಲ್ಲ ಊರಿನಲ್ಲೂ ಸಿಗುವುದಿಲ್ಲ ಎಂಬುದನ್ನೂ ಯೋಚಿಸಿ. ನನ್ನ ಪೆಟ್ರೋಲ್ ಕಾರಿನಲ್ಲಿರುವುದು 181 ಪಿಎಸ್ (ಅಶ್ವಶಕ್ತಿ) ಎಂಜಿನ್, ಆರು ಗೇರಿನ ಸಾಮಾನ್ಯ ಆಟೊಮ್ಯಾಟಿಕ್. ಅನುಭವವಿರುವ ಯಾವ ಮೆಕ್ಯಾನಿಕ್ ಆದರೂ ಇದನ್ನು ನೋಡಬಲ್ಲರು. ಶಿರಾಡಿ ಘಾಟಿಯಲ್ಲಿ ತುಂಬಿದ ಕಾರಿನೊಂದಿಗೆ ಹತ್ತುವಾಗಲೂ ಎಂದೂ ಕೈಕೊಟ್ಟಿಲ್ಲ. ಸ್ನೇಹಿತರೊಬ್ಬರ ಹೈಬ್ರಿಡ್‌ನಲ್ಲಿ ಅದೇ ಘಾಟಿ ಇಳಿಯುವಾಗ ಬ್ಯಾಟರಿ ತುಂಬಿದ ಕೂಡಲೇ ಎಂಜಿನ್ ಜೋರಾಗಿ ಕೂಗಲಾರಂಭಿಸಿ ನಾವು ಗಾಬರಿಯಾಗಿದ್ದೆವು, ಅದು ಆ ವ್ಯವಸ್ಥೆಯ ಸಹಜ ನಡವಳಿಕೆ ಎಂದು ಆಮೇಲೆ ತಿಳಿಯಿತು. ವರ್ಷಕ್ಕೆ ಹತ್ತು ಹನ್ನೆರಡು ಸಾವಿರ ಕಿಲೋಮೀಟರ್, ಅದೂ ಹೆದ್ದಾರಿಯಲ್ಲಿ ಓಡಿಸುವವರಿಗೆ ಕಡಿಮೆ ಬೆಲೆಗೆ ಸಿಗುವ ಪೆಟ್ರೋಲ್ ಕಾರು ಕೆಟ್ಟ ಆಯ್ಕೆಯಲ್ಲ.

ಬೆಂಗಳೂರಿನಿಂದ, ಕಾಗದಪತ್ರಗಳ ಬಗ್ಗೆ

ದೆಹಲಿಯ ಕಾರಿನ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಅಲ್ಲಿ ವಯಸ್ಸಿನ ನಿಯಮವಿದೆ, ಅದಕ್ಕೇ ಅಗ್ಗವಾಗಿ ಸಿಕ್ಕಿತು ಎಂದು ನನಗೂ ಒಬ್ಬ ವ್ಯಾಪಾರಿ ಹೇಳಿದ್ದರು. ಹತ್ತು ವರ್ಷದ ಮಿತಿ ಹಾಕಿದ್ದು ಡೀಸೆಲ್‌ಗೆ, ಪೆಟ್ರೋಲ್ ಕಾರಿಗೆ ಹಾಕಿದ್ದು ಹದಿನೈದು ವರ್ಷ. ಕ್ಯಾಮ್ರಿ ಹೈಬ್ರಿಡ್ ಪೆಟ್ರೋಲ್ ಕಾರು. 2016ರ ಕಾರನ್ನು ಆ ಕಾರಣಕ್ಕೆ ಮಾರುತ್ತಿದ್ದೇವೆ ಎನ್ನುವವರು ನಿಜವಾದ ಕಾರಣವನ್ನು ಹೇಳುತ್ತಿಲ್ಲ. ಇಲ್ಲಿಗೆ ತಂದ ಮೇಲೆ ಮೂಲ ಆರ್‌ಟಿಒದ ನಿರಾಕ್ಷೇಪಣಾ ಪತ್ರ, ನಮೂನೆ 29 ಮತ್ತು 30, ಸಾಲವಿದ್ದಿದ್ದರೆ ನಮೂನೆ 35, ಇವುಗಳ ಜೊತೆಗೆ ಕರ್ನಾಟಕದ ಜೀವಾವಧಿ ತೆರಿಗೆಯನ್ನೂ ಕಟ್ಟಬೇಕು. 20 ಲಕ್ಷ ಮೀರಿದ ಹೊಸ ಕಾರಿಗೆ ಇಲ್ಲಿ ಶೇ 18ರ ದರ, ಅದರ ಮೇಲೆ ಸೆಸ್. ಹಳೆಯ ಕಾರಿಗೆ ವಯಸ್ಸಿನ ಪ್ರಕಾರ ಇಳಿಯುತ್ತದಾದರೂ ಮೊತ್ತ ಲಕ್ಷಗಳಲ್ಲಿಯೇ ಇರುತ್ತದೆ. ಅದನ್ನು ಸೇರಿಸಿ ನೋಡಿದರೆ ದೆಹಲಿ ಕಾರಿನ ಅಗ್ಗತನ ಬಹುಮಟ್ಟಿಗೆ ಕರಗಿಹೋಗುತ್ತದೆ.

ಬೆಂಗಳೂರಿನ ಕಾರುಗಳಲ್ಲಿ ನೋಡಬೇಕಾದದ್ದು ನೀರು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ನೆಲಮಾಳಿಗೆಗಳಲ್ಲಿ ಎಷ್ಟೋ ದುಬಾರಿ ಕಾರುಗಳು ಮುಳುಗಿದವು. ಹೈಬ್ರಿಡ್ ಕಾರಿನ ವಿದ್ಯುತ್ ಜೋಡಣೆಗಳಿಗೆ ಒಮ್ಮೆ ನೀರು ಹೊಕ್ಕರೆ ತುಕ್ಕು ನಿಧಾನವಾಗಿ ತನ್ನ ಕೆಲಸ ಮಾಡುತ್ತದೆ. ಸ್ಟೆಪ್ನಿ ಇಡುವ ಗುಂಡಿ, ಸೀಟಿನ ಹಳಿಗಳು, ಬೆಲ್ಟನ್ನು ಪೂರ್ತಿ ಎಳೆದಾಗ ಕಾಣುವ ಕೊನೆಯ ಭಾಗ, ಇಲ್ಲೆಲ್ಲ ಕೆಸರಿನ ಗೆರೆ ಇದೆಯೇ ನೋಡಿ, ಹಾಗೂ ವಿಮೆಯ ಕ್ಲೇಮ್ ಇತಿಹಾಸವನ್ನು ತರಿಸಿಕೊಳ್ಳಿ.

ಬೆಂಗಳೂರಿನಿಂದ, ಲೆಕ್ಸಸ್ ಓಡಿಸುವವರು

ಇಎಸ್ 300ಎಚ್ ಕ್ಯಾಮ್ರಿಯ ಹತ್ತಿರದ ಬಂಧು. 2018ರ ಜುಲೈನಲ್ಲಿ ಬಂದ ಮಾದರಿಯ ಯಂತ್ರಭಾಗ 2019ರ ಕ್ಯಾಮ್ರಿಯದೇ, ಎರಡರಲ್ಲೂ ಒಟ್ಟು 218 ಪಿಎಸ್. ಸದ್ದು ತಡೆಯುವಿಕೆ, ಚರ್ಮದ ಗುಣ, ಒಳಗಿನ ಕೆಲಸ ಲೆಕ್ಸಸ್‌ನಲ್ಲಿ ಖಂಡಿತ ಮೇಲ್ಮಟ್ಟದ್ದು. ಆದರೆ 2020ರ ಜನವರಿಯಲ್ಲಿ ಬಿಡದಿಯಲ್ಲಿ ಜೋಡಣೆ ಶುರುವಾಗುವ ಮೊದಲಿನ ಕಾರುಗಳು ಪೂರ್ತಿ ಆಮದಾದವು, ಮತ್ತು ಸರ್ವಿಸ್‌ಗೆ ನೀವು ಬೆಂಗಳೂರಿಗೇ ಬರಬೇಕು. ಕ್ಯಾಮ್ರಿಗಾದರೆ ಮೈಸೂರಿನಲ್ಲೇ ಟೊಯೋಟಾ ಸರ್ವಿಸ್ ಸಿಗುತ್ತದೆ. ನಿಮ್ಮ ಜಾಗದಲ್ಲಿದ್ದರೆ ನಾನು 2019ರ ಕ್ಯಾಮ್ರಿಯನ್ನೇ ಆರಿಸುತ್ತಿದ್ದೆ.

ಮೈಸೂರಿನಿಂದ, ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ದೆಹಲಿಯ ಕಾರನ್ನು ಕೈಬಿಟ್ಟೆ. ಒಂದು ವಿಷಯ ಬಿಟ್ಟುಹೋಗಿತ್ತು: ಅಮ್ಮನ ಮಡಚುವ ಗಾಲಿಕುರ್ಚಿ ಡಿಕ್ಕಿಯಲ್ಲಿ ಹಿಡಿಯಬೇಕು.

ಬೆಂಗಳೂರಿನಿಂದ, 2016ರ ಹೈಬ್ರಿಡ್‌ನವರು

ಹಾಗಿದ್ದರೆ ನನ್ನ ಮಾದರಿ ನಿಮಗೆ ಹೊಂದುವುದು ಕಷ್ಟ. ಇದರಲ್ಲಿ ಬ್ಯಾಟರಿ ಹಿಂದಿನ ಸೀಟಿನ ಬೆನ್ನಿಗೆ ಕೂತು ಡಿಕ್ಕಿಯ ಆಳವನ್ನು ತಿಂದಿದೆ. 2019ರದರಲ್ಲಿ ಅದನ್ನು ಸೀಟಿನ ಕೆಳಗೆ ಇಳಿಸಿರುವುದರಿಂದ ಡಿಕ್ಕಿ 524 ಲೀಟರ್ ಇದೆ, ಒಂಬತ್ತು ಏರ್‌ಬ್ಯಾಗ್‌ಗಳೂ ಇವೆ. 2021ರ ಆಗಸ್ಟ್‌ನಿಂದ ಮಾರಾಟವಾದ ಕ್ಯಾಮ್ರಿಗಳಿಗೆ ಹೈಬ್ರಿಡ್ ಬ್ಯಾಟರಿಯ ವಾರಂಟಿಯನ್ನು ಎಂಟು ವರ್ಷ ಅಥವಾ 1,60,000 ಕಿಲೋಮೀಟರಿಗೆ ಏರಿಸಿದ್ದಾರೆ. ಇನ್ನಷ್ಟು ಹಣ ಹೊಂದಿಸಲು ಸಾಧ್ಯವಾದರೆ ಆ ಅವಧಿಯ ಕಾರನ್ನು ಹುಡುಕಿ, ಆಗ ಬ್ಯಾಟರಿಯ ಚಿಂತೆ ಬಹಳಷ್ಟು ಹಗುರವಾಗುತ್ತದೆ. ಇಲ್ಲವಾದರೆ ನೋಡಿದ 2019ರ ಕಾರಿನ ಚಾಸಿಸ್ ಸಂಖ್ಯೆ ಕೊಟ್ಟು, ಹೊಸ ಬ್ಯಾಟರಿಗೆ ಎಷ್ಟಾಗುತ್ತದೆ ಎಂಬುದನ್ನು ಸರ್ವಿಸ್ ಸೆಂಟರ್‌ನಿಂದ ಬರವಣಿಗೆಯಲ್ಲಿ ಪಡೆಯಿರಿ. ಆ ಮೊತ್ತವನ್ನು ಮುಂದಿಟ್ಟುಕೊಂಡೇ ಬೆಲೆ ಮಾತನಾಡಿ. ಕಾರು ನೋಡಲು ಹೋಗುವಾಗ ಗಾಲಿಕುರ್ಚಿಯನ್ನು ಜೊತೆಗೇ ಒಯ್ದು ಇಟ್ಟು ನೋಡಿ, ಸಾಧ್ಯವಿದ್ದರೆ ಅಮ್ಮನವರನ್ನೂ ಕರೆದೊಯ್ಯಿರಿ. ಈ ಕಾರಿನ ಸೀಟು ತಗ್ಗಿನಲ್ಲಿದೆ, ಮಂಡಿ ನೋವಿರುವವರಿಗೆ ಅದರಿಂದ ಎದ್ದೇಳುವುದು ಸುಲಭವೋ ಕಷ್ಟವೋ ಎಂಬುದನ್ನು ಅವರೇ ಹೇಳಬೇಕು.